ಪುಟ್ಟನಿಂಗಿಯ ಬೀಗರು

ಮೊಟ್ಟೆಯೊಳಗಿನ ಜೀವಕ್ಕೂ ಉಸಿರು ಕೊಡುವ ಭಗವಂತನಿಗೆ ಮೊದಲು ಕೈಮುಗಿಯುತ್ತೇನೆ.

ಪಟೇಲ ಕೆಂಚೇಗೌಡರ ಕೊಟ್ಟಿಗೆ ಗುಡಿಸುವ ಪುಟ್ಟನಿಂಗಿಯ ಕೋಳಿ ಆರು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ಪಟೇಲರು ತಮ್ಮ ಮನೆಯ ಕೋಳಿ ಇಟ್ಟ ಆರು ಮೊಟ್ಟೆಗಳನ್ನೂ ಅದರಡಿ ಇಡಿಸಿದರು. ಗುರುತಿಗೆಂದು ಅವಳು ಇದ್ದಿಲಿನ ಗೀಟು ಎಳೆಯಹೋದರೆ, "ಪಟೇಲನ ಮೊಟ್ಟೆಗೆ ಮಸಿ ಬಳೀತೀಯೇನೇ?" ಎಂದು ಗದರಿದರು.

ಇಪ್ಪತ್ತೊಂದನೇ ದಿನ ಆರು ಮರಿಯಾದವು, ಆರು ಕೊಳೆತವು. ಪಟೇಲರು ಜಗಲಿಯಲ್ಲಿ ಜನರೆದುರೇ ತೀರ್ಪು ಕೊಟ್ಟರು: "ಮರಿಯಾದವು ನನ್ನವು, ಕೊಳೆತವು ನಿನ್ನವು. ಬುಟ್ಟಿ ಇಲ್ಲಿಡು."

ನಿಂಗಿ ತಲೆಬಾಗಿದಳು. "ಆಗಲಿ ಬುದ್ಧಿ. ನಿಮ್ಮನೆ ಹುಂಜ ಯುಗಾದಿ ಮಾರನೇ ದಿನ ವರ್ಷತೊಡಕಿಗೇ ಸಾರಾಗೋಯ್ತು. ಈ ಬೀದೀಲಿ ಉಳಿದಿರೋದು ನನ್ನ ಹುಂಜ ಒಂದೇ. ಅಂದ್ರೆ ಈ ಮರಿಗಳ ಅಪ್ಪ ಅದೇ. ಇನ್ಮೇಲೆ ನಾವೂ ನೀವೂ ನೆಂಟರು! ನಾಳೆ ಎಲೆಅಡಿಕೆ ಹಿಡ್ಕೊಂಡು ನಮ್ಮ ಗುಡಿಸಲಿಗೆ ಬನ್ನಿ, ಬೀಗರೇ."

ಪಟೇಲರ ಮೀಸೆ ನಡುಗಿತು. "ಥೂ! ನಿನ್ನ ಹುಂಜ ನನ್ನ ಹಿತ್ತಲಿಗೆ ಕಾಲೇ ಇಟ್ಟಿಲ್ಲ!"

"ಮತ್ತೆ ಹುಂಜ ಸೋಕದ ಮೊಟ್ಟೆ ಮರಿಯಾಗುತ್ತಾ ಬುದ್ಧಿ?"

ಜಗಲಿಯೆಲ್ಲ ಗೊಳ್ಳೆಂದಿತು. ಪಟೇಲರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಿಂಗಿ ಆರು ಕೊಳೆತ ಮೊಟ್ಟೆಗಳನ್ನು ಹೊಸ್ತಿಲ ಬಳಿ ಭಕ್ತಿಯಿಂದ ಜೋಡಿಸಿಟ್ಟು, ಮರಿಗಳ ಬುಟ್ಟಿ ಹೊತ್ತು ನಡೆದಳು.

ಕೇಳಿದ ನಿಮ್ಮೆಲ್ಲರ ಮಕ್ಕಳುಮರಿಗಳನ್ನು ದೇವರು ತಣ್ಣಗಿಟ್ಟಿರಲಿ.