ಖಾಲಿ ಕೊಡಗಳ ಸ್ವಾಗತ

ನೆಂಟರ ಮುಂದೆ ಹಸಿವು ತೋರಿಸಬಾರದೆಂದು ಅಜ್ಜಿ ಹೇಳುತ್ತಿದ್ದಳು. ಬಾಯಾರಿಕೆಯನ್ನೂ ಬಚ್ಚಿಡಬೇಕೆ?

ಅಂತರರಾಷ್ಟ್ರೀಯ ಕಾರು ಪಂದ್ಯಕ್ಕಾಗಿ ನಮ್ಮ ಕಾಲೋನಿಯ ಮುಂದೆ ತಗಡಿನ ಗೋಡೆ ಎದ್ದಿತು; ಅದರ ಗೇಟಿಗೆ ಬೀಗ ಬಿತ್ತು. ಇದ್ದ ಒಂದೇ ನಲ್ಲಿ ಗೋಡೆಯಾಚೆ ಉಳಿಯಿತು.

“ಇದು ದೇಶದ ಮರ್ಯಾದೆಯ ಪ್ರಶ್ನೆ. ಪಂದ್ಯ ಮುಗಿಯುವವರೆಗೆ ಸುಧಾರಿಸಿಕೊಳ್ಳಿ” ಎಂದರು ಅಧಿಕಾರಿ.

“ಆಗಲಿ ಸ್ವಾಮಿ. ಪಂದ್ಯಕ್ಕೆ ಬರುವ ಮಂತ್ರಿಗಳನ್ನು ಸ್ವಾಗತಿಸಲಾದರೂ ಬಿಡಿ” ಎಂದಳು ಹೂ ಮಾರುವ ಪುಟ್ಟಗೌರಮ್ಮ. ಅಧಿಕಾರಿ ಹಿಗ್ಗಿ ಒಪ್ಪಿದರು.

ಪಂದ್ಯದ ದಿನ ಬಾವುಟ ಬೀಸಲು ಹೊರಟ ಮಂತ್ರಿಗಳು ಸ್ವಾಗತಕ್ಕೆಂದು ತೆರೆದಿದ್ದ ಗೋಡೆಯ ಗೇಟಿಗೆ ಬಂದರು. ಎದುರಿಗೆ ಕಾಲೋನಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ನಿಂತಿದ್ದರು. ಮಂತ್ರಿಗಳು ಎತ್ತಿದ ಹೆಜ್ಜೆಯನ್ನು ಹಿಂದಕ್ಕಿಟ್ಟರು.

“ಶುಭಕಾರ್ಯಕ್ಕೆ ಹೊರಟಾಗ ಖಾಲಿ ಕೊಡವೇನಮ್ಮಾ? ತುಂಬಿಸಿಕೊಂಡು ಬರಬಾರದೇ?”

“ನಲ್ಲಿ ನಿಮ್ಮ ಗೋಡೆಯಾಚೆ ಇದೆ, ಸ್ವಾಮಿ” ಎಂದಳು ಪುಟ್ಟಗೌರಮ್ಮ.

ಅಧಿಕಾರಿ ಬೆವರೊರೆಸಿಕೊಂಡರು. ಮಂತ್ರಿಗಳು ಎಲ್ಲರಿಗೂ ಕೇಳುವಂತೆ ಹೇಳಿದರು: “ಗೇಟು ತೆರೆದೇ ಇರಲಿ. ಈ ಕೊಡಗಳು ತುಂಬುವವರೆಗೆ ನಾನು ಬಾವುಟ ಬೀಸುವುದಿಲ್ಲ.”