ಪಟೇಲರು ಗುರುತು ಹಿಡಿದ ಅಂಗಿ

ಕುರಿ ಕಾಯುವ ಬೆಟ್ಟಯ್ಯ ಜೈಲಿಗೆ ಹೋಗುವುದೊಂದೇ ಬಾಕಿಯಿತ್ತು. ಗುಡಿಯ ಗಂಟೆ ಕದ್ದು ಓಡಿದವನ ಬೆನ್ನು ಮಾತ್ರ ಕಂಡಿದ್ದ ಪಟೇಲರು ಕೋರ್ಟಿನಲ್ಲಿ ಎದೆ ತಟ್ಟಿ ಹೇಳಿದರು: "ಇವನದೇ ಅಂಗಿ ಸ್ವಾಮಿ! ಒಮ್ಮೆ ನೋಡಿದ ಅಂಗೀನ ಸಾವಿರದಲ್ಲಿಟ್ಟರೂ ಗುರುತು ಹಿಡೀತೀನಿ."

ಬೆಟ್ಟಯ್ಯನ ಪರ ಬಂದಿದ್ದ ಊರ ಮಡಿವಾಳ ಮೆಲ್ಲಗೆ ಎದ್ದು ಕೈಮುಗಿದ. "ಹಂಗಾದ್ರೆ ನಾನು ಹಾಕ್ಕೊಂಡಿರೋ ಅಂಗಿ ಯಾರದು ಬುದ್ಧೀ?"

"ಯಾವ ತಿರುಕನದೋ! ನನಗೇನು ಗೊತ್ತು?"

ಮಡಿವಾಳ ಕಾಲರು ಮಗುಚಿ ನ್ಯಾಯಾಧೀಶರಿಗೆ ತೋರಿಸಿದ. ಪಟೇಲರ ಹೆಂಡತಿ ಕೆಂಪು ದಾರದಲ್ಲಿ ಕಸೂತಿ ಹಾಕಿದ್ದ ಗಂಡನ ಹೆಸರು ಅಲ್ಲಿತ್ತು. "ಒಗೆಯೋಕೆ ಕೊಟ್ಟಿದ್ರು ಸ್ವಾಮಿ. ಕೋರ್ಟಿಗೆ ಬರೋಕೆ ನನಗೆ ಬೇರೆ ಒಳ್ಳೇದಿರಲಿಲ್ಲ."

ಈ ಕಣ್ಣು ನಂಬಿ ಯಾರನ್ನೂ ಜೈಲಿಗೆ ಹಾಕಲಾರೆ ಎಂದು ನ್ಯಾಯಾಧೀಶರು ನಗುತ್ತಲೇ ಬೆಟ್ಟಯ್ಯನನ್ನು ಬಿಟ್ಟರು.

ಹೊರಗೆ ಪಟೇಲರು ಗುಡುಗಿದರು: "ಬಿಚ್ಚೋ ನನ್ನ ಅಂಗಿ!"

"ಈಗ ಗುರುತು ಸಿಕ್ತಾ ಬುದ್ಧೀ?" ಅಂದ ಮಡಿವಾಳ.