ಮುನಿಸಿಗೆ ಅರ್ಧ ಗಂಟೆ

ತಿಪ್ಪೇಶನ ದೊಡ್ಡಪ್ಪ ರುದ್ರಪ್ಪನವರು ಮುನಿಸಿಕೊಳ್ಳದೆ ಅವರ ಮನೆತನದಲ್ಲಿ ಒಂದು ಮದುವೆಯೂ ಆದದ್ದಿಲ್ಲ. ಕಾಫಿ ಆರಿದೆ ಅಂತಲೋ, ಹಾರ ಸಣ್ಣದು ಅಂತಲೋ ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಿ ಕೂತುಬಿಡುವರು. ಹೋದ ವರ್ಷ ಅವರನ್ನು ಕರೆತರುವಷ್ಟರಲ್ಲಿ ಮುಹೂರ್ತವೇ ಮೀರಿತ್ತು.

ಈ ಸಲ ತಿಪ್ಪೇಶನ ಮದುವೆಗೆ ಮೊದಲೇ ಹೇಳಿಕಳಿಸಿದರು: "ಮರ್ಯಾದೆಯಲ್ಲಿ ಒಂದಿಷ್ಟು ಕಮ್ಮಿಯಾದರೂ ನಾನು ಎದ್ದು ಹೊರಟೆ!"

ತಿಪ್ಪೇಶ ತಲೆ ಮೇಲೆ ಕೈಹೊತ್ತು ಕೂತ. ಅವನು ಮದುವೆಯಾಗಲಿದ್ದ ವನಜಾ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವಳು. "ಅಷ್ಟೇ ತಾನೇ?" ಅಂದಳು. ಇಬ್ಬರೂ ಕೂತು ಮದುವೆಯ ವೇಳಾಪಟ್ಟಿ ಬರೆದರು. ಅದನ್ನು ಹಿಡಿದು ಹೋಗಿ ದೊಡ್ಡಪ್ಪನ ಕಾಲಿಗೆ ಬಿದ್ದರು.

ರುದ್ರಪ್ಪನವರು ಕನ್ನಡಕ ಏರಿಸಿ ಓದಿದರು. 'ಎಂಟು ಗಂಟೆ, ತಿಂಡಿ. ಎಂಟೂವರೆ, ದೊಡ್ಡಪ್ಪನವರ ಮುನಿಸು. ಒಂಬತ್ತು, ಸಮಾಧಾನ. ಹತ್ತು, ಧಾರೆ.'

"ಏನಮ್ಮಾ ಇದು?"

"ಅರ್ಧ ಗಂಟೆ ಸಾಲದಾ ಮಾವ? ಬೇಕಾದರೆ ತಿಂಡಿಯಲ್ಲಿ ಹತ್ತು ನಿಮಿಷ ಕಡಿಮೆ ಮಾಡ್ತೀವಿ. ಛತ್ರದ ಬಾಗಿಲಿಗೂ ಇದನ್ನೇ ಅಂಟಿಸ್ತೀವಿ."

"ನಾನ್ಯಾಕಮ್ಮ ಮುನಿಸಿಕೊಳ್ಳಲಿ!" ಅಂತ ಗುಡುಗಿದರು.

ಮದುವೆಯ ದಿನ ಜನ ಬಾಗಿಲಲ್ಲಿ ಪಟ್ಟಿ ಓದಿಕೊಂಡೇ ಒಳಗೆ ಬಂದರು. ಎಂಟೂವರೆಗೆ ಛತ್ರಕ್ಕೆ ಛತ್ರವೇ ರುದ್ರಪ್ಪನವರತ್ತ ತಿರುಗಿತು. ಅವರು ಆರಿದ ಕಾಫಿಯನ್ನು ಗಟಗಟ ಕುಡಿದು, "ಅಮೃತ!" ಅಂದರು. ಧಾರೆ ಹೊತ್ತಿಗೆ ಸರಿಯಾಗಿ ಆಯಿತು.

ಊಟಕ್ಕೆ ಕೂತಾಗ ಅವರ ಎಲೆಗೆ ಹೋಳಿಗೆ ಬರಲಿಲ್ಲ. ಕೊನೆಗೂ ಒಂದು ನೆಪ ಸಿಕ್ಕಿತಲ್ಲ ಅಂತ ಪಂಚೆ ಕೊಡವಿ ಎದ್ದರು.

ವನಜಾ ಓಡಿಬಂದು ಎರಡು ಹೋಳಿಗೆ ಬಡಿಸುತ್ತಾ ಮೆತ್ತಗೆ ಅಂದಳು: "ಕೂತ್ಕೊಳ್ಳಿ ಮಾವ. ನಿಮ್ಮ ಬಸ್ಸು ಎಂಟೂವರೆಗೇ ಹೋಯ್ತು."